ಬೇನೆಯ ಹೊತ್ತಿಗೆ ಪಕ್ಕದಲ್ಲಿ ಕೂರುವವಳು

ಕುಮಟಾ, ಹೊನ್ನಾವರ, ಭಟ್ಕಳದ ಜನಕ್ಕೆ ಎರಡು ಶಿರೂರುಗಳು ಗೊತ್ತು. ಒಂದು ತೆಂಕಲಾಗಿ, ಭಟ್ಕಳ ದಾಟಿದೊಡನೆ ಸಿಗುವ ಬೈಂದೂರಿನ ಕಡೆಯ ಶಿರೂರು. 2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ಹೊತ್ತು ಓಡುತ್ತಿದ್ದ ಆಂಬುಲೆನ್ಸ್ ಅಲ್ಲಿನ ಟೋಲ್ ಗೇಟಿಗೆ ಬಡಿದು ನಾಲ್ವರು ಸತ್ತರು. ಇನ್ನೊಂದು ಬಡಗಲಾಗಿ, ಅಂಕೋಲಾದ ಶಿರೂರು. 2024ರ ಜುಲೈ 16ರಂದು ಅಲ್ಲಿ ಗುಡ್ಡ ಜರಿದು ಗಂಗಾವಳಿ ಹೊಳೆಗೆ ಬಿತ್ತು, ಹೆದ್ದಾರಿ ವಾರಗಟ್ಟಲೆ ಮುಚ್ಚಿತು. ಕಾರವಾರದ ಮೆಡಿಕಲ್ ಕಾಲೇಜಿನ ಆಸ್ಪತ್ರೆಗೆ ಹೋಗುವವರು ಬಡಗಣ ಶಿರೂರನ್ನು ದಾಟಬೇಕು, ಮಣಿಪಾಲಕ್ಕೆ ಹೋಗುವವರು ತೆಂಕಣದ್ದನ್ನು. ಕುಮಟಾದಿಂದ ಕಾರವಾರ ಸುಮಾರು 70 ಕಿಲೋಮೀಟರ್, ಮಣಿಪಾಲ ಹೆಚ್ಚುಕಡಿಮೆ 150.

ಆ ಆಂಬುಲೆನ್ಸಿನಲ್ಲಿ ಇದ್ದ ರೋಗಿ ಬಸುರಿಯಲ್ಲ. ಗುಡ್ಡದ ಮಣ್ಣಿನಡಿ ಸಿಕ್ಕವರು ಚಹದಂಗಡಿಯವರು, ಲಾರಿಯವರು. ಆದರೂ ಏಳು ತಿಂಗಳ ಹೊಟ್ಟೆ ಹೊತ್ತವಳೊಬ್ಬಳು ಈ ಎರಡೂ ಸುದ್ದಿಗಳನ್ನು ನಾವು ಓದಿದ ಹಾಗೆ ಓದಿರಲಿಕ್ಕಿಲ್ಲ. ಜಿಲ್ಲೆಗೊಂದು ದೊಡ್ಡ ಆಸ್ಪತ್ರೆ ಬೇಕೆಂದು 2019ರಲ್ಲಿ ಟ್ವಿಟರಿನಲ್ಲಿ ಎದ್ದ ಕೂಗು, 2022ರ ಅಪಘಾತದ ನಂತರ ‘ಆಸ್ಪತ್ರೆ ಇಲ್ಲದಿದ್ದರೆ ಮತ ಇಲ್ಲ’ ಎಂಬ ಪಟ್ಟಿಗೆ ತಿರುಗಿದ್ದು ಸುಮ್ಮನೆ ಅಲ್ಲ.

ಇಂಥ ಸೀಮೆಯಲ್ಲಿ ಕುಳಿತು ಸೂಲಗಿತ್ತಿ, ಮನೆ ಹೆರಿಗೆ ಎಂದು ಮಾತೆತ್ತಿದರೆ ಎರಡು ಕಡೆಯಿಂದ ಉತ್ತರ ಬರುತ್ತದೆ. ಡಾಕ್ಟರುಗಳು, ‘ಮತ್ತೆ ಹೆಂಗಸರನ್ನು ಸಾಯಿಸಬೇಕೋ’ ಎಂದು ಸಿಡುಕುತ್ತಾರೆ. ಬೆಂಗಳೂರಿನ ಕಡೆಯಿಂದ ಬಂದವರು, ಗೋವಾದಲ್ಲಿ, ಕೊಚ್ಚಿಯಲ್ಲಿ, ಹೈದರಾಬಾದಿನಲ್ಲಿ ತರಬೇತಾದ ಮಿಡ್‌ವೈಫ್‌ಗಳು ನಡೆಸುವ ಹೆರಿಗೆ ಕೇಂದ್ರಗಳ ಕತೆ ಹೇಳಿ, ನಿಮ್ಮ ಅಜ್ಜಿಯರೇ ಸರಿ ಇದ್ದರು ಎನ್ನುತ್ತಾರೆ. ಇಬ್ಬರೂ ಜಗಳವಾಡುವುದು ಕೋಣೆಯ ಬಗ್ಗೆ. ನನ್ನ ಕುತೂಹಲ ಬೇರೆ: ಬೇನೆ ಹಿಡಿದ ಗಳಿಗೆಯಿಂದ ಕಸ ಬೀಳುವ ತನಕ, ಆ ಕೋಣೆಯಿಂದ ಎದ್ದುಹೋಗದೆ ಕೂತಿರುವವಳು ಯಾರು?

ನರಸಮ್ಮ ಮತ್ತು ಹೆಸರು ಬರೆದಿಡದವರು

ಸೂಲಗಿತ್ತಿ ಎಂದಕೂಡಲೇ ಈಗ ನಾಡಿಗೆಲ್ಲ ನೆನಪಾಗುವುದು ಪಾವಗಡ ತಾಲ್ಲೂಕಿನ ಕೃಷ್ಣಾಪುರದ ನರಸಮ್ಮ. ಅಜ್ಜಿಯ ಕೈಕೆಳಗೆ ಕಲಿತು, ಇಪ್ಪತ್ತರ ಹರೆಯದಲ್ಲಿ ಮೊದಲ ಹೆರಿಗೆ ಮಾಡಿಸಿ, ಎಪ್ಪತ್ತು ವರ್ಷಗಳಲ್ಲಿ 15,000ಕ್ಕೂ ಹೆಚ್ಚು ಕೂಸುಗಳನ್ನು ಕೈಯಲ್ಲಿ ಹಿಡಿದರು ಎಂಬುದು ಅವರ ಬಗ್ಗೆ ಎಲ್ಲರೂ ಹೇಳುವ ಲೆಕ್ಕ. ದುಡ್ಡಿಗೆ ಕೈಯೊಡ್ಡಿದವರಲ್ಲ. 2014ರಲ್ಲಿ ತುಮಕೂರು ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು, 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷದ ಡಿಸೆಂಬರ್ 25ರಂದು 98ರ ವಯಸ್ಸಿನಲ್ಲಿ ತೀರಿಕೊಂಡರು.

ಅಘನಾಶಿನಿಯ ದಂಡೆಯಲ್ಲೂ ಇಂಥವರಿದ್ದರು. ಹಾಲಕ್ಕಿಗಳ ಕೊಪ್ಪಗಳಲ್ಲಿ, ಅಂಬಿಗರ, ಹರಿಕಂತ್ರರ ಕೇರಿಗಳಲ್ಲಿ, ಭಟ್ಕಳದ ಗೊಂಡರ ಮಜರೆಗಳಲ್ಲಿ, ಊರಿಗೊಬ್ಬಳಾದರೂ ‘ಕೈಗುಣದವಳು’ ಇರುತ್ತಿದ್ದಳು. ಅವಳ ಹೆಸರು ಯಾವ ರಿಜಿಸ್ಟರಿನಲ್ಲೂ ಇಲ್ಲ. ಅವಳಿಗೆ ಸಿಗುತ್ತಿದ್ದದ್ದು ಒಂದು ಸೀರೆ, ಮೊರದಲ್ಲಿ ಅಕ್ಕಿ, ತೆಂಗಿನಕಾಯಿ, ಎಲೆಅಡಿಕೆ. ಎಣ್ಣೆ ಸವರಿದ ಕೈಯಿಂದ ಹೊಟ್ಟೆ ಮುಟ್ಟಿ ಕೂಸು ಅಡ್ಡ ಇದೆಯೋ, ತಲೆ ಕೆಳಗೆ ಬಂದಿದೆಯೋ ಹೇಳುತ್ತಿದ್ದಳು. ಮಲಗಿಸಿಡುತ್ತಿರಲಿಲ್ಲ. ನಡೆಸುತ್ತಿದ್ದಳು, ಕುಕ್ಕರುಗಾಲಲ್ಲಿ ಕೂರಿಸುತ್ತಿದ್ದಳು, ತೊಲೆಗೆ ಕಟ್ಟಿದ ಹಗ್ಗ ಹಿಡಿದು ಜಗ್ಗಲು ಹೇಳುತ್ತಿದ್ದಳು. ಕಸ ಬೀಳುವ ತನಕ ಹೊಕ್ಕುಳ ಬಳ್ಳಿಗೆ ಕೈ ಹಚ್ಚದಿರುವುದು ನಾಡಿನ ಹಲವು ಕಡೆಯ ರೂಢಿ. ಕೂಸು ಹುಟ್ಟಿ ಕನಿಷ್ಠ ಒಂದು ನಿಮಿಷವಾದರೂ ಬಳ್ಳಿಯನ್ನು ಹಿಸುಕದೆ ಬಿಡಿ ಎಂದು ವಿಶ್ವ ಆರೋಗ್ಯ ಸಂಸ್ಥೆಯೂ ಈಗ ಹೇಳುತ್ತದೆ.

ಇಷ್ಟಕ್ಕೇ ನಿಲ್ಲಿಸಿದರೆ ಅದು ಅರ್ಧ ಸತ್ಯ. ತಡವಾದಾಗ ಹೊಟ್ಟೆಯ ಮೇಲೆ ಭಾರ ಹಾಕಿ ಒತ್ತಿದ್ದೂ ಇತ್ತು. ಹೊಕ್ಕುಳಿಗೆ ಬೂದಿ ಹಚ್ಚಿ ಕೂಸಿಗೆ ಧನುರ್ವಾಯು ತಂದದ್ದೂ ಇತ್ತು. ಮೊದಲ ಗಟ್ಟಿ ಹಾಲನ್ನು ಹಿಂಡಿ ಚೆಲ್ಲಿಸಿದ್ದೂ ಇತ್ತು. ಇದೆಲ್ಲಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು. ಹೆರಿಗೆಯ ರಕ್ತ ಮೈಲಿಗೆ, ಬಳ್ಳಿ ಕೊಯ್ಯುವುದು ‘ಕೆಳಗಿನವರ’ ಕೆಲಸ ಎಂದು ಹಲವು ಊರುಗಳಲ್ಲಿ ಜಾತಿಯೇ ಅದನ್ನು ಹಂಚಿಬಿಟ್ಟಿತ್ತು. ಒಡತಿಯ ಪ್ರಾಣ ಉಳಿಸಿದವಳು ಮರುದಿನ ಅದೇ ಮನೆಯ ಜಗಲಿ ಹತ್ತುವಂತಿರಲಿಲ್ಲ. ಸೂಲಗಿತ್ತಿಯನ್ನು ಹಾಡಿ ಹೊಗಳುವ ಲೇಖನಗಳಲ್ಲಿ ಈ ಜಗಲಿ ಬರುವುದೇ ಇಲ್ಲ.

ತವರಿನ ಲೆಕ್ಕ

ನಮ್ಮಲ್ಲಿ ಚೊಚ್ಚಲ ಹೆರಿಗೆ ತವರಿನಲ್ಲಿ. ಸೀಮಂತ, ಬಯಕೆ ಊಟ ಮುಗಿಸಿ ಏಳನೆಯ ತಿಂಗಳಿಗೋ ಎಂಟಕ್ಕೋ ಹುಡುಗಿ ತಾಯಿಮನೆಗೆ ಬರುತ್ತಾಳೆ. ಹಿಂದೆ ಅಲ್ಲಿ ಕಾದಿರುತ್ತಿದ್ದವಳು ಆಕೆಯನ್ನೇ ಹುಟ್ಟಿಸಿದ ಸೂಲಗಿತ್ತಿ, ಅಥವಾ ಅವಳ ಮಗಳು. ಹುಡುಗಿಯ ತಾಯಿಗೆ ಹೆರಿಗೆಯಲ್ಲಿ ಏನಾಗಿತ್ತು, ಅಕ್ಕನಿಗೆ ರಕ್ತ ಎಷ್ಟು ಹೋಗಿತ್ತು ಎಂಬುದು ಅವಳಿಗೆ ಬಾಯಿಪಾಠ. ಆಸ್ಪತ್ರೆಯವರು ಫಾರಂ ತುಂಬಿಸಿಕೊಂಡು ಕೇಳುವ ‘ಫ್ಯಾಮಿಲಿ ಹಿಸ್ಟರಿ’ ಅವಳ ನೆನಪಿನಲ್ಲೇ ಇರುತ್ತಿತ್ತು.

ಈಗಿನ ವ್ಯವಸ್ಥೆ ಗಂಡನ ಮನೆಯಲ್ಲಿ ಶುರುವಾಗುತ್ತದೆ. ಅಲ್ಲಿಯ ಆಶಾ ಕಾರ್ಯಕರ್ತೆ ಹೆಸರು ಬರೆಸುತ್ತಾಳೆ, ಅಲ್ಲಿಯ ಸಿಸ್ಟರ್ ತಾಯಿ ಕಾರ್ಡ್ ಕೊಡುತ್ತಾರೆ, ಬಿ.ಪಿ., ರಕ್ತ, ತೂಕ ಅಲ್ಲೇ ನೋಡುತ್ತಾರೆ. ಏಳು ತಿಂಗಳು ನೋಡಿದ ಅವರೆಲ್ಲ ಅಲ್ಲೇ ಉಳಿಯುತ್ತಾರೆ. ಹುಡುಗಿ ಕಾರ್ಡನ್ನು ಕೈಚೀಲದಲ್ಲಿಟ್ಟುಕೊಂಡು ತವರಿಗೆ ಬಂದಾಗ ಇನ್ನೊಬ್ಬ ಆಶಾ, ಇನ್ನೊಬ್ಬ ಸಿಸ್ಟರ್. ಬೇನೆಯ ದಿನ ತಾಲ್ಲೂಕು ಆಸ್ಪತ್ರೆಯಲ್ಲಿ ಮೂರನೆಯ ತಂಡ, ಪಾಳಿ ಬದಲಾದರೆ ನಾಲ್ಕನೆಯದು. ತೊಡಕಾಗಿ ಮುಂದೆ ಕಳಿಸಿದರೆ ಐದನೆಯದು. ಒಬ್ಬೊಬ್ಬರೂ ತಮ್ಮ ಪಾಲಿನ ಕೆಲಸವನ್ನು ಚೊಕ್ಕವಾಗಿ ಮಾಡಿದರೂ, ಮೊದಲಿನಿಂದ ಕೊನೆಯವರೆಗೆ ಅವಳನ್ನು ನೋಡಿದವರು ಒಬ್ಬರೂ ಇರುವುದಿಲ್ಲ.

ಅಳಿವೆಯ ಊರುಗಳಲ್ಲಿ ಇದಕ್ಕೆ ಇನ್ನೊಂದು ಗಂಟು ಬೀಳುತ್ತದೆ. 2024ರಲ್ಲಿ ಅಘನಾಶಿನಿ ಅಳಿವೆಗೆ ರಾಮ್ಸರ್ ಪಟ್ಟ ಸಿಕ್ಕಿತಲ್ಲ, ಆ ಅಳಿವೆಯಲ್ಲಿ ನೀರಿಳಿದಾಗ ಬಳಚು ಎಂಬ ಚಿಪ್ಪುಮೀನು ಹೆಕ್ಕುವವರಲ್ಲಿ ಹೆಂಗಸರೂ ಇದ್ದಾರೆ. ಇಳಿತದ ಹೊತ್ತು ದಿನದಿಂದ ದಿನಕ್ಕೆ ಮುಕ್ಕಾಲು ಗಂಟೆಗೂ ಮಿಕ್ಕಿ ಸರಿಯುತ್ತ ಹೋಗುತ್ತದೆ. ಬಸುರಿಯರ ತಪಾಸಣೆಯ ದಿನವೋ, 2016ರಿಂದ ದೇಶಕ್ಕೆಲ್ಲ ಒಂದೇ, ತಿಂಗಳ 9ನೇ ತಾರೀಖು. ಚಂದ್ರನಿಗೆ ಆ ಸುತ್ತೋಲೆ ತಲುಪಿಲ್ಲ. ಅವತ್ತು ಬೆಳಿಗ್ಗೆಯೇ ಇಳಿತ ಬಿದ್ದರೆ ಒಂದು ದಿನದ ಸಂಪಾದನೆಯೋ, ಒಂದು ತಪಾಸಣೆಯೋ, ಎರಡರಲ್ಲೊಂದನ್ನು ಬಿಡಬೇಕು. ರಾಜ್ಯದ ಬಸುರಿಯರಲ್ಲಿ ಶೇ 45ಕ್ಕೂ ಹೆಚ್ಚು ಮಂದಿಗೆ ರಕ್ತಹೀನತೆ ಇದೆ ಎಂದು ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಕೇರಿಯಲ್ಲೇ ಇರುವ, ಅದೇ ಇಳಿತಕ್ಕೆ ಎದ್ದು ಕೂರುವ ದಾದಿಗೆ ಈ ತೊಡಕಿಲ್ಲ. ಸಂಜೆ ದೀಪ ಹಚ್ಚಿದ ಮೇಲೆ ಹೋಗಿ ರೆಪ್ಪೆ ಮಗುಚಿ ನೋಡಿ, ಕಬ್ಬಿಣದ ಗುಳಿಗೆ ನುಂಗಿದೆಯಾ ಎಂದು ಗದರಿಸಿ ಬರಬಲ್ಲಳು.

ಎರಡು ತಾಸಿನ ಮಾತು

ಹಾಗಾದರೆ ಮನೆಯಲ್ಲೇ ಹೆರಲಿ ಎನ್ನಬಹುದೇ? ಈ ಮೂರು ತಾಲ್ಲೂಕುಗಳಲ್ಲಿ, ಇವತ್ತಿನ ಸ್ಥಿತಿಯಲ್ಲಿ, ನಾನು ಅನ್ನಲಾರೆ.

ಕರ್ನಾಟಕದಲ್ಲಿ 2001–03ರ ಅವಧಿಯಲ್ಲಿ ಒಂದು ಲಕ್ಷ ಜೀವಂತ ಜನನಗಳಿಗೆ 228 ತಾಯಂದಿರು ಸಾಯುತ್ತಿದ್ದರು. 2018–20ರ ಹೊತ್ತಿಗೆ ಆ ಸಂಖ್ಯೆ 69ಕ್ಕೆ ಇಳಿಯಿತು. ನಡುವಿನ ವರ್ಷಗಳಲ್ಲಿ ಜನನಿ ಸುರಕ್ಷಾ ಬಂತು, ಆಶಾ ಬಂದಳು, 2008ರ ರಾಜ್ಯೋತ್ಸವದಂದು 108 ಆಂಬುಲೆನ್ಸ್ ಬಂತು, ಮಡಿಲು ಕಿಟ್ ಬಂತು, ಆಸ್ಪತ್ರೆಯ ಹೆರಿಗೆ ಶೇ 97ಕ್ಕೆ ಏರಿತು. ಇದರಲ್ಲಿ ಯಾವುದರ ಪಾಲು ಎಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ. ಆದರೆ ಉಳಿದುಕೊಂಡ ಆ ತಾಯಂದಿರು ಸುಳ್ಳಲ್ಲ.

ಹೆರಿಗೆಯಲ್ಲಿ ಬೇಗ ಕೊಲ್ಲುವುದು ರಕ್ತಸ್ರಾವ. ಕೂಸು ಹೊರಬಂದ ಮೇಲೆ ಗರ್ಭಕೋಶ ಮುಷ್ಟಿಯಂತೆ ಬಿಗಿದುಕೊಳ್ಳಬೇಕು. ಬಿಗಿಯದಿದ್ದರೆ ಕಸ ಅಂಟಿದ್ದ ಜಾಗದ ರಕ್ತನಾಳಗಳು ತೆರೆದೇ ಉಳಿಯುತ್ತವೆ, ಎರಡು ತಾಸಿನೊಳಗೆ ಗಟ್ಟಿಮುಟ್ಟಾದ ಹೆಂಗಸೂ ಹೋಗಿಬಿಡಬಹುದು. ಎಣ್ಣೆ ಕೈಯ ಯಾವ ನೈಪುಣ್ಯವೂ ಇದನ್ನು ಮೊದಲೇ ಕಂಡುಹಿಡಿಯಲಾರದು, ಯಾಕೆಂದರೆ ಯಾರಿಗೆ ಹೀಗಾಗುತ್ತದೆ ಎಂಬುದು ಎಷ್ಟೋ ಸಲ ಡಾಕ್ಟರಿಗೂ ಮುಂಚಿತವಾಗಿ ತಿಳಿಯದು. ಬೇಕಾದದ್ದು ಆಕ್ಸಿಟೋಸಿನ್ ಸೂಜಿ. ಅದನ್ನು ತಂಪಿನಲ್ಲಿ ಇಡಬೇಕು, ಅಂದರೆ ಫ್ರಿಜ್ಜು, ಕರೆಂಟು, ಸೂಜಿ ಹಾಕಲು ಬರುವ ಕೈ.

ಇಲ್ಲಿ ನೆರೆಯ ಬೆಳಗಾವಿಯ ಕತೆಯೊಂದನ್ನು ಹೇಳಲೇಬೇಕು. 2002ರಿಂದ 2005ರ ನಡುವೆ, ಅಲ್ಲಿನ ಜವಾಹರಲಾಲ್ ನೆಹರೂ ಮೆಡಿಕಲ್ ಕಾಲೇಜಿನವರೂ ಸೇರಿ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ 1,620 ಹೆಂಗಸರ ಮೇಲೆ ಒಂದು ಪ್ರಯೋಗ ನಡೆಸಿದರು. ಮನೆಯಲ್ಲೋ ಉಪಕೇಂದ್ರದಲ್ಲೋ ಹೆರಿಗೆ ಮಾಡಿಸುತ್ತಿದ್ದವರು ಡಾಕ್ಟರುಗಳಲ್ಲ, ಎ.ಎನ್.ಎಂ. ಸಿಸ್ಟರುಗಳು. ಅರ್ಧದಷ್ಟು ತಾಯಂದಿರಿಗೆ ಕೂಸು ಹುಟ್ಟಿದೊಡನೆ ಮಿಸೊಪ್ರೊಸ್ಟಾಲ್ ಮಾತ್ರೆ ನುಂಗಿಸಿದರು, ಉಳಿದವರಿಗೆ ಅದೇ ರೂಪದ ಬರಿ ಮಾತ್ರೆ. ಅತಿಯಾದ ರಕ್ತಸ್ರಾವ ಶೇ 12ರಿಂದ 6.4ಕ್ಕೆ ಇಳಿಯಿತು. ಈ ಮಾತ್ರೆಗೆ ಫ್ರಿಜ್ಜು ಬೇಡ, ಸೂಜಿ ಬೇಡ. 2006ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಇದು ಪ್ರಕಟವಾದಾಗ ಜಗತ್ತಿನ ಬಡದೇಶಗಳೆಲ್ಲ ಕಣ್ಣರಳಿಸಿ ನೋಡಿದವು. ನನಗೆ ಅದರಲ್ಲಿ ಮಾತ್ರೆಯಷ್ಟೇ ಮುಖ್ಯವಾಗಿ ಕಂಡದ್ದು ಆ ಸಿಸ್ಟರುಗಳು: ಊರಲ್ಲಿದ್ದವರು, ಕರೆದರೆ ಬರುತ್ತಿದ್ದವರು, ಹೆರಿಗೆ ಮುಗಿಯುವ ತನಕ ಕೂತವರು.

ಅವರು ಆಮೇಲೆ ಎಲ್ಲಿ ಹೋದರು? ಎ.ಎನ್.ಎಂ. ಎಂಬ ಮೂರಕ್ಷರದ ಕೊನೆಯಲ್ಲಿ ಮಿಡ್‌ವೈಫ್ ಇದ್ದಾಳೆ. ಆದರೆ 1970ರ ದಶಕದಿಂದಲೇ ಕುಟುಂಬ ಯೋಜನೆಯ ಗುರಿ, ಲಸಿಕೆಯ ಗುರಿ, ಸಮೀಕ್ಷೆ, ವರದಿ ಎಂದು ಅವಳ ಹೆಗಲಿಗೆ ಒಂದೊಂದೇ ಏರಿಸಿ, ಹೆರಿಗೆಯ ಕೆಲಸವನ್ನು ಕೊನೆಗೆ ಕಳಚಿಬಿಟ್ಟೆವು. ಅದೇ ದಶಕದ ಕೊನೆಯಲ್ಲಿ ಊರ ಸೂಲಗಿತ್ತಿಯರಿಗೂ ಸರ್ಕಾರ ತರಬೇತಿ ಕೊಟ್ಟು, ಬ್ಲೇಡು, ದಾರ, ಸಾಬೂನಿನ ಕಿಟ್ ಹಂಚಿತ್ತು. ಸ್ವಚ್ಛ ಕೈ, ಸ್ವಚ್ಛ ಹಾಸು, ಸ್ವಚ್ಛ ಬ್ಲೇಡು ಎಂಬ ಆ ಪಾಠ ಮತ್ತು ಧನುರ್ವಾಯು ಚುಚ್ಚುಮದ್ದು ಎರಡೂ ಸೇರಿ ಕೂಸುಗಳ ಧನುರ್ವಾಯು 2015ರ ಹೊತ್ತಿಗೆ ದೇಶದಿಂದಲೇ ತೊಲಗಿತು ಎನ್ನುವಷ್ಟು ಇಳಿಯಿತು. ಅಷ್ಟರಲ್ಲಿ ಸೂಲಗಿತ್ತಿಯರನ್ನು ಬದಿಗೆ ಸರಿಸಿ ಆಗಿತ್ತು. ಬಡ ಹೆಂಗಸು ಮನೆಯಲ್ಲೇ ಹೆತ್ತರೂ ಜನನಿ ಸುರಕ್ಷಾದಲ್ಲಿ 500 ರೂಪಾಯಿ ಕೊಡುವ ನಿಯಮವನ್ನು ಇಟ್ಟುಕೊಂಡ ಸರ್ಕಾರ, ಆ ಹೆರಿಗೆ ಮಾಡಿಸುವ ಕೈಯ ಬಗ್ಗೆ ಮಾತಾಡುವುದನ್ನೇ ಬಿಟ್ಟಿತು.

ಇಂಗ್ಲೆಂಡಿನ ಮನೆ, ಐಗಳಕುರ್ವೆಯ ಮನೆ

ಮನೆ ಹೆರಿಗೆಯ ಪರವಾಗಿ ಮಾತಾಡುವವರು ಇಂಗ್ಲೆಂಡನ್ನು ತೋರಿಸುತ್ತಾರೆ. ಸರಿ, ನೋಡೋಣ. ತೊಡಕಿನ ಸೂಚನೆ ಇಲ್ಲದ 64,538 ಹೆಂಗಸರನ್ನು ಹಿಂಬಾಲಿಸಿದ ಅಲ್ಲಿನ ದೊಡ್ಡ ಅಧ್ಯಯನ 2011ರಲ್ಲಿ ಹೊರಬಂತು. ಎರಡನೆಯ ಅಥವಾ ನಂತರದ ಹೆರಿಗೆಯಾದರೆ, ಕೂಸಿನ ಮಟ್ಟಿಗೆ ಮನೆಗೂ ಆಸ್ಪತ್ರೆಗೂ ವ್ಯತ್ಯಾಸ ಕಾಣಲಿಲ್ಲ. ಚೊಚ್ಚಲಾದರೆ ಕಂಡಿತು: ಕೂಸಿಗೆ ಗಂಭೀರ ತೊಂದರೆಯಾದದ್ದು ಆಸ್ಪತ್ರೆಯಲ್ಲಿ ಸಾವಿರಕ್ಕೆ 5.3, ಮನೆಯಲ್ಲಿ 9.3. ಇದಕ್ಕಿಂತ ಗಮನಿಸಬೇಕಾದ ಅಂಕಿ ಇನ್ನೊಂದಿದೆ. ಮನೆಯಲ್ಲೇ ಹೆರಬೇಕೆಂದು ಹೊರಟ ಚೊಚ್ಚಲ ತಾಯಂದಿರಲ್ಲಿ ಶೇ 45 ಮಂದಿಯನ್ನು ನಡುವೆಯೋ, ಹೆತ್ತ ಕೂಡಲೇಯೋ ಆಸ್ಪತ್ರೆಗೆ ಸಾಗಿಸಬೇಕಾಯಿತು. ಅಂದರೆ ಅಲ್ಲಿಯ ಮನೆ ಹೆರಿಗೆಗೆ ಒಂದು ಬಾಗಿಲು ಸದಾ ಆಸ್ಪತ್ರೆಯ ಕಡೆಗೇ ತೆರೆದಿರುತ್ತದೆ. ಹೆರಿಗೆ ಮಾಡಿಸುವವಳು ವರ್ಷಗಟ್ಟಲೆ ಓದಿದ, ನೋಂದಣಿಯಿರುವ ಮಿಡ್‌ವೈಫ್. ಚೀಲದಲ್ಲಿ ಔಷಧಿ, ಆಮ್ಲಜನಕ ಇರುತ್ತದೆ. ಅವಳು ಫೋನ್ ಮಾಡಿದರೆ ಆಸ್ಪತ್ರೆ ಪ್ರಶ್ನೆ ಕೇಳುವುದಿಲ್ಲ, ಹಾಸಿಗೆ ಸಿದ್ಧ ಮಾಡುತ್ತದೆ.

ಅದೇ ಶೇ 45ನ್ನು ತಂದು ಅಘನಾಶಿನಿ ಉಕ್ಕಿದಾಗ ನೀರು ನುಗ್ಗುವ ಐಗಳಕುರ್ವೆಯಲ್ಲಿಟ್ಟು ನೋಡಿ. ಆಷಾಢದ ರಾತ್ರಿ, ಹೊಳೆ ತುಂಬಿದೆ, ಮೊದಲ ಹೆರಿಗೆ. ಹೆರಿಗೆಯ ಸಾವುಗಳನ್ನು ಬಲ್ಲವರು ಮೂರು ತಡಗಳ ಮಾತಾಡುತ್ತಾರೆ: ಹೊರಡೋಣ ಎಂದು ತೀರ್ಮಾನಿಸುವ ತಡ, ದಾರಿಯ ತಡ, ಆಸ್ಪತ್ರೆ ಮುಟ್ಟಿದ ಮೇಲಿನ ತಡ. ನಮ್ಮಲ್ಲಿ ನಡುವಿನದ್ದೇ ಎಲ್ಲವನ್ನೂ ನುಂಗುತ್ತದೆ. ಕೇರಳದ ರಸ್ತೆಗಳು, ಆಸ್ಪತ್ರೆಗಳು ನಮಗಿಂತ ಎಷ್ಟೋ ವಾಸಿ. ಅಲ್ಲಿಯೂ 2025ರ ಏಪ್ರಿಲಿನಲ್ಲಿ ಮಲಪ್ಪುರಂ ಜಿಲ್ಲೆಯ ಹೆಣ್ಣುಮಗಳೊಬ್ಬಳು ಐದನೆಯ ಹೆರಿಗೆಯನ್ನು ಮನೆಯಲ್ಲಿ ಮಾಡಿಕೊಂಡು ರಕ್ತ ಹೋಗಿ ಸತ್ತಳು. ಆಸ್ಪತ್ರೆಗೆ ಕರೆದೊಯ್ಯದ ಗಂಡನನ್ನು ಪೊಲೀಸರು ಹಿಡಿದರು.

ಹಾಗೆಂದು ಆಸ್ಪತ್ರೆಯ ಕಟ್ಟಡವೇ ಕಾಯುತ್ತದೆ ಎಂದು ನಂಬಿಕೊಂಡರೆ 2024ರ ನವೆಂಬರಿನ ಬಳ್ಳಾರಿಯನ್ನು ಮರೆತಂತೆ. ಸಿಸೇರಿಯನ್ ಆದ ಬಾಣಂತಿಯರು ಸರ್ಕಾರಿ ಆಸ್ಪತ್ರೆಯಲ್ಲಿ ಒಬ್ಬರ ಹಿಂದೊಬ್ಬರು ಸತ್ತರು, ಅನುಮಾನ ಬಿದ್ದದ್ದು ನರಕ್ಕೆ ಹಾಕಿದ ದ್ರಾವಣದ ಮೇಲೆ. ಇನ್ನು ಸಿಸೇರಿಯನ್ನಿನ ಲೆಕ್ಕ: ರಾಜ್ಯದಲ್ಲಿ 2005–06ರಲ್ಲಿ ಶೇ 15.5 ಇದ್ದದ್ದು 2019–20ರ ಸುಮಾರಿಗೆ 31.5 ಆಗಿದೆ. ಹದಿನೈದೇ ವರ್ಷದಲ್ಲಿ ಕನ್ನಡದ ಹೆಂಗಸರ ಸೊಂಟ ಕಿರಿದಾಯಿತೇ?

ಹದಿನೆಂಟು ತಿಂಗಳ ಓದು

ನರಸಮ್ಮ ತೀರಿಕೊಂಡ ಅದೇ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಮಿಡ್‌ವೈಫರಿ ಸೇವೆಯ ಮಾರ್ಗಸೂಚಿ ಹೊರಡಿಸಿತು. ಹೆರಿಗೆ ಕೋಣೆಯಲ್ಲಿ ಪಳಗಿದ ನರ್ಸುಗಳಿಗೆ ಹದಿನೆಂಟು ತಿಂಗಳ ತರಬೇತಿ, ನರ್ಸ್ ಪ್ರ್ಯಾಕ್ಟಿಷನರ್ ಇನ್ ಮಿಡ್‌ವೈಫರಿ ಎಂಬ ಹುದ್ದೆ, ದೊಡ್ಡ ಆಸ್ಪತ್ರೆಗಳೊಳಗೆ ಅವರೇ ನಡೆಸುವ ಪ್ರತ್ಯೇಕ ಹೆರಿಗೆ ಘಟಕ. ತೊಡಕಿಲ್ಲದ ಹೆರಿಗೆ ಪೂರ್ತಿ ಅವರದ್ದು, ತೊಡಕಾದರೆ ಪಕ್ಕದ ಕೋಣೆಯಲ್ಲೇ ಡಾಕ್ಟರು. ಹೈದರಾಬಾದಿನ ಫರ್ನಾಂಡಿಸ್ ಆಸ್ಪತ್ರೆಯ ಡಾ. ಎವಿಟಾ ಫರ್ನಾಂಡಿಸ್ ಇದನ್ನು ಮೊದಲೇ ಮಾಡಿ ತೋರಿಸಿದ್ದರು, ತೆಲಂಗಾಣ ಸರ್ಕಾರ ಅವರೊಡನೆ ಕೈಜೋಡಿಸಿತ್ತು. ಮನೆ ಹೆರಿಗೆಗೆ ಮಾರ್ಗಸೂಚಿಯಲ್ಲಿ ಜಾಗವಿಲ್ಲ, ಸ್ವಂತವಾಗಿ ಬೋರ್ಡು ಹಾಕಿಕೊಂಡು ಕೂರುವ ಮಿಡ್‌ವೈಫಿನ ಕಲ್ಪನೆಯೂ ಇಲ್ಲ.

ಹೀಗೆ ಒಬ್ಬಳೇ ಮಿಡ್‌ವೈಫ್, ಅಥವಾ ಒಂದು ಸಣ್ಣ ಗುಂಪು, ಬಸುರಿನಿಂದ ಬಾಣಂತನದವರೆಗೆ ಜೊತೆಯಲ್ಲಿದ್ದರೆ ಏನಾಗುತ್ತದೆ? ಹದಿನೈದು ಪ್ರಯೋಗಗಳ, 17,674 ಹೆಂಗಸರ ಲೆಕ್ಕವನ್ನು ಒಟ್ಟು ಹಾಕಿದ ಕಾಕ್ರೇನ್ ವಿಮರ್ಶೆ 2016ರಲ್ಲಿ ಬಂತು. ಆ ಲೆಕ್ಕದಲ್ಲಿ ಸಿಸೇರಿಯನ್ ಪ್ರಮಾಣಕ್ಕೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಮಿಡ್‌ವೈಫ್ ಬಂದರೆ ಕತ್ತರಿ ಮಾಯವಾಗುತ್ತದೆ ಎನ್ನುವವರು ಇದನ್ನು ಓದಬೇಕು. ಆದರೆ ದಿನ ತುಂಬುವ ಮೊದಲೇ ಹುಟ್ಟುವ ಕೂಸುಗಳು ಕಡಿಮೆಯಾದವು, ಇಕ್ಕಳ ಹಾಕಿ ಎಳೆಯುವುದು ಕಡಿಮೆಯಾಯಿತು. ಅವೆಲ್ಲ ಹೆಚ್ಚಾಗಿ ಉಳ್ಳವರ ದೇಶಗಳ ಪ್ರಯೋಗಗಳು ಎಂಬುದನ್ನೂ ಮರೆಯಬಾರದು.

ಕುಮಟಾ, ಹೊನ್ನಾವರ, ಭಟ್ಕಳದ ತಾಲ್ಲೂಕು ಆಸ್ಪತ್ರೆಗಳಿಗೆ ಇಂಥ ಘಟಕ ಬರುವುದಾದರೆ ನನ್ನದೊಂದು ತಕರಾರಿದೆ. ತರಬೇತಿ ಪಡೆದವಳನ್ನು ಮೂರು ವರ್ಷಕ್ಕೆ ಬೀದರಿಗೋ ಕೋಲಾರಕ್ಕೋ ಎತ್ತಿಹಾಕಿದರೆ ಮಾಡಿದ್ದೆಲ್ಲ ನೀರಲ್ಲಿ ಹೋಮ. ಅವಳು ಇಲ್ಲಿಯವಳೇ ಆಗಬೇಕು, ಹಾಲಕ್ಕಿ, ಗೊಂಡ, ಖಾರ್ವಿ, ನವಾಯತ ಕೇರಿಗಳಿಂದಲೇ ಬರಬೇಕು, ಕೊಂಕಣಿಯೋ ನವಾಯತಿಯೋ ಮಾತಾಡುವ ತಾಯಿಗೆ ಬೇನೆಯ ಹೊತ್ತಿನಲ್ಲಿ ಕನ್ನಡ ಹುಡುಕುವ ಕಷ್ಟ ಕೊಡಬಾರದು. ನದಿ ದಾಟಿ, ದಿಬ್ಬ ಹತ್ತಿ ಬರುವ ಹಳ್ಳಿಯವರಿಗೆ ದಿನ ತುಂಬಿದ ಮೇಲೆ ಆಸ್ಪತ್ರೆಯ ಪಕ್ಕದಲ್ಲೇ ನಾಲ್ಕು ದಿನ ಮೊದಲು ಬಂದಿರಲು ಒಂದು ಕೋಣೆ ಬೇಕು, ಜೊತೆಗೆ ಬಂದ ತಾಯಿಗೆ ಗಂಜಿ ಬೇಯಿಸಲು ಒಂದು ಒಲೆ ಬೇಕು.

ಮೀಯಿಸುವವಳು

ಸೂಲಗಿತ್ತಿ ಪೂರ್ತಿ ಹೋಗಿಲ್ಲ. ಹೆರಿಗೆ ಕೋಣೆಯಿಂದ ಹೊರಬಿದ್ದವಳು ಬಚ್ಚಲುಮನೆಯಲ್ಲಿ ಉಳಿದಿದ್ದಾಳೆ. ಮಣಿಪಾಲದಲ್ಲಿ ಹೆತ್ತು ಬಂದವಳಿಗೂ, ಕಾರಿನಲ್ಲಿ ಬಂದಿಳಿದ ಇಂಜಿನಿಯರ್ ಹುಡುಗಿಗೂ, ಮನೆಗೆ ಬಂದ ಮರುದಿನದಿಂದ ಮೀಯಿಸುವ ಹೆಂಗಸು ಬೇಕೇ ಬೇಕು. ಹಂಡೆಯ ಬಿಸಿನೀರು, ತೆಂಗಿನೆಣ್ಣೆ, ಕೂಸನ್ನು ಕಾಲ ಮೇಲೆ ಮಲಗಿಸಿ ತಟ್ಟುವುದು, ನೆತ್ತಿಗೆ ಎಣ್ಣೆ ಹಾಕುವುದು, ಸೊಂಟಕ್ಕೆ ಬಟ್ಟೆ ಬಿಗಿಯುವುದು. ಮೆಣಸು, ಶುಂಠಿ, ಬೆಲ್ಲದ ಲೆಕ್ಕ ಹೇಳುವವಳೂ ಅವಳೇ. ಹಾಲು ಹೆಚ್ಚಲಿ ಎಂದು ಶಾರ್ಕ್ ಮರಿಯ ಸಾರು ಮಾಡಿಸುವವಳೂ ಅವಳೇ. ಒಳ್ಳೆಯವಳು ಸಿಗುವುದು ಕಷ್ಟ, ಸೀಮಂತದ ಹೊತ್ತಿಗೇ ಮಾತಾಡಿ ಇಟ್ಟುಕೊಳ್ಳುತ್ತಾರೆ. ಇವತ್ತು ಈ ಸೀಮೆಯಲ್ಲಿ ಯಾರ ಸಂಬಳವೂ ಇಲ್ಲದೆ, ಯಾರ ಅಪ್ಪಣೆಯೂ ಇಲ್ಲದೆ, ತನ್ನ ಹೆಸರಿನ ಮೇಲೇ ಬದುಕುವ ಸ್ವತಂತ್ರ ದಾದಿ ಎಂದರೆ ಇವಳೇ.

ಆಸ್ಪತ್ರೆಯಲ್ಲಿ ಹೆತ್ತವಳ ಮನೆಗೆ ಆಶಾ ಬರುವುದು 3, 7, 14, 21, 28 ಮತ್ತು 42ನೆಯ ದಿನ. ಮೀಯಿಸುವವಳು ಬರುವುದು ದಿನಾಲೂ. ಬಟ್ಟೆ ಕಳಚಿದ ಮೈಯನ್ನು ಬೆಳಕಿನಲ್ಲಿ ನೋಡುವವಳು ಅವಳೊಬ್ಬಳೇ. ಹೊಲಿಗೆ ಕೀವಾದದ್ದು, ಎದೆ ಗಡ್ಡೆ ಕಟ್ಟಿದ್ದು, ಹೋಗುವ ರಕ್ತಕ್ಕೆ ಕೆಟ್ಟ ವಾಸನೆ ಬಂದದ್ದು, ನೀರು ಹಾಕುವಾಗ ಹುಡುಗಿ ಸುಮ್ಮನೆ ಗೋಡೆ ನೋಡುತ್ತ ಕಣ್ಣೀರು ಸುರಿಸಿದ್ದು, ಎಲ್ಲಕ್ಕೂ ಮೊದಲ ಸಾಕ್ಷಿ ಅವಳು. ಆರೋಗ್ಯ ಇಲಾಖೆಯ ಯಾವ ಕಾಗದದಲ್ಲೂ ಅವಳಿಲ್ಲ.

ಇವಳನ್ನು ಒಂದು ದಿನದ ಮಟ್ಟಿಗೆ ತಾಲ್ಲೂಕು ಆಸ್ಪತ್ರೆಗೆ ಕರೆದು, ದಿನದ ಕೂಲಿಯನ್ನೂ ಊಟವನ್ನೂ ಕೊಟ್ಟು, ಕುರ್ಚಿ ಹಾಕಿ ಕೂರಿಸಿ ಹೇಳಬೇಕಾದದ್ದು ಬಹಳವಿಲ್ಲ. ತಾಸಿಗೊಂದು ದಪ್ಪ ಬಟ್ಟೆ ನೆನೆಯುವಷ್ಟು ರಕ್ತ ಹೋದರೆ, ಮೈ ಸುಡುತ್ತಿದ್ದರೆ, ತಲೆ ಸಿಡಿಯುತ್ತದೆ, ಕಣ್ಣು ಮಂಜಾಗಿದೆ ಎಂದರೆ, ಕೂಸು ಮೊಲೆ ಬಿಟ್ಟು ತಣ್ಣಗಾದರೆ, ಅವತ್ತು ಮೀಯಿಸಬೇಡ, 108ಕ್ಕೆ ಫೋನ್ ಮಾಡಿಸು. ಕೂಸಿನ ಮೂಗಿಗೆ ಎಣ್ಣೆ ಬಿಡಬೇಡ. ಬಾಣಂತಿಗೆ ನೀರು ಕುಡಿಯಲು ಬೇಡ ಅನ್ನಬೇಡ. ಆಮೇಲೆ ಸಿಸ್ಟರಿನ ಫೋನ್ ನಂಬರನ್ನು ಅವಳ ಮೊಬೈಲಿಗೆ ಹಾಕಿಕೊಟ್ಟು, ಅವಳ ನಂಬರನ್ನು ಸಿಸ್ಟರೂ ಬರೆದಿಟ್ಟುಕೊಳ್ಳಬೇಕು. ಇದಕ್ಕೆ ಹೊಸ ಕಾನೂನು ಬೇಡ, ದೆಹಲಿಯ ಒಪ್ಪಿಗೆ ಬೇಡ. ತಾಲ್ಲೂಕು ಆರೋಗ್ಯಾಧಿಕಾರಿ ಮನಸ್ಸು ಮಾಡಿದರೆ ಮಳೆಗಾಲ ಹಿಡಿಯುವ ಮೊದಲೇ ಮುಗಿಯುವ ಕೆಲಸ.